ಅಂಕ ಬಂತು, ತಪ್ಪು ಎಲ್ಲಿದೆ?

ಪ್ರಥಮ ಪಿಯುಸಿಯ ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ಎಂಬ ಪಾಠವಿದೆ. ಕಾಮರ್ಸ್ ಓದದವರಿಗಾಗಿ ಒಂದೆರಡು ಮಾತು: ಲೆಡ್ಜರ್‌ನ ಎಲ್ಲ ಖಾತೆಗಳ ಶಿಲ್ಕನ್ನು ಡೆಬಿಟ್, ಕ್ರೆಡಿಟ್ ಎಂದು ಎರಡು ಕಾಲಮ್‌ಗಳಲ್ಲಿ ಬರೆದು ಕೂಡಿಸುತ್ತೇವೆ. ಎರಡೂ ಮೊತ್ತ ಸಮನಾದರೆ ಲೆಕ್ಕ ತಾಳೆಯಾಯಿತು ಎನ್ನುತ್ತೇವೆ. ಆದರೆ ಅದೇ ಪಾಠದ ಕೊನೆಯಲ್ಲಿ ಒಂದು ಎಚ್ಚರಿಕೆ ಇದೆ. ಮೊತ್ತ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದು ಹೇಳಲಾಗದು. ಹತ್ತು ಸಾವಿರ ರೂಪಾಯಿ ಕೊಟ್ಟು ಕೊಂಡ ಯಂತ್ರವನ್ನು ಯಂತ್ರೋಪಕರಣ ಖಾತೆಗೆ ಬರೆಯದೆ ಖರೀದಿ ಖಾತೆಗೆ ಬರೆದಿದ್ದರೂ ಮೊತ್ತ ತಾಳೆಯಾಗುತ್ತದೆ. ಲಾಭ ಮಾತ್ರ ತಪ್ಪಾಗಿ ಬರುತ್ತದೆ. ಒಂದು ವ್ಯವಹಾರವನ್ನು ಬರೆಯಲು ಪೂರ್ತಿ ಮರೆತರೂ ತಾಳೆಯಾಗುತ್ತದೆ. ಒಂದು ಕಡೆಯ ತಪ್ಪು ಇನ್ನೊಂದು ಕಡೆಯ ತಪ್ಪನ್ನು ಮುಚ್ಚಿದರೂ ತಾಳೆಯಾಗುತ್ತದೆ.

ಈ ಪಾಠ ಓದಿದ ಮೇಲೆ ನನಗೆ ನಮ್ಮ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಬೇರೆ ರೀತಿ ಕಾಣತೊಡಗಿದವು. ಇಪ್ಪತ್ತೈದಕ್ಕೆ ಹದಿನಾಲ್ಕು ಎಂದು ಕೆಂಪು ಶಾಯಿಯಲ್ಲಿ ಬರೆದಿರುತ್ತದೆ. ಅದು ಬರೀ ಮೊತ್ತ. ಕಳೆದುಹೋದ ಹನ್ನೊಂದು ಅಂಕ ಯಾವ ಕಾರಣಕ್ಕೆ ಹೋಯಿತು? ನಿಯಮ ಗೊತ್ತಿರಲಿಲ್ಲವೇ, ಕೂಡುವಾಗ ತಪ್ಪಿತೇ, ಪ್ರಶ್ನೆ ಸರಿಯಾಗಿ ಓದಲಿಲ್ಲವೇ, ಗೊತ್ತಿದ್ದರೂ ಇಂಗ್ಲಿಷ್‌ನಲ್ಲಿ ಬರೆಯಲಾಗಲಿಲ್ಲವೇ? ಮೊತ್ತ ಇದನ್ನು ಹೇಳುವುದಿಲ್ಲ. ಹದಿನಾಲ್ಕು ಪಡೆದ ಇಬ್ಬರು ವಿದ್ಯಾರ್ಥಿಗಳಿಗೆ ಬೇಕಾದ ಸಹಾಯ ಪೂರ್ತಿ ಬೇರೆಯಾಗಿರಬಹುದು. ಬೋಧನೆ ಮತ್ತು ಪರೀಕ್ಷೆ ಸುಧಾರಿಸಬೇಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿರುವುದರಿಂದ, ಈ ಬಗ್ಗೆ ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಪರೀಕ್ಷೆಗೆ ಎರಡು ಕೆಲಸ

ಪರೀಕ್ಷೆ ಎರಡು ಕೆಲಸ ಮಾಡಬಲ್ಲದು. ಒಂದು, ಎಷ್ಟು ಕಲಿತಿದ್ದೇವೆ ಎಂದು ಅಳೆಯುವುದು. ಇನ್ನೊಂದು, ಇನ್ನೂ ಕಲಿಯಲು ನೆರವಾಗುವುದು. ನಮ್ಮ ದೇಶದ ಉನ್ನತ ಶಿಕ್ಷಣದಲ್ಲಿ ಮೊದಲ ಕೆಲಸಕ್ಕೇ ಹೆಚ್ಚು ತೂಕ ಬಂದಿದೆ. ಇದಕ್ಕೆ ಇತಿಹಾಸದಲ್ಲಿ ಒಂದು ಕಾರಣವಿದೆ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ ಮತ್ತು ಮದ್ರಾಸಿನಲ್ಲಿ ಆರಂಭವಾದ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯವು. ಪಾಠ ಮಾಡುವುದು ಕಾಲೇಜುಗಳ ಕೆಲಸ. ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಹೀಗೆ ಕಲಿಸುವವರು ಒಂದು ಕಡೆ, ಅಳೆಯುವವರು ಇನ್ನೊಂದು ಕಡೆ ಆದರು. ಪರೀಕ್ಷೆ ಎಂದರೆ ವರ್ಷದ ಕೊನೆಗೆ ಹೊರಗಿನಿಂದ ಬರುವ ತೀರ್ಪು ಎಂಬ ಭಾವನೆ ಬೇರೂರಿತು.

ಸ್ವಾತಂತ್ರ್ಯ ಬಂದ ಮೇಲೆ ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ 1948-49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಕೆಲಸ ಮಾಡಿತು. ವಿಶ್ವವಿದ್ಯಾಲಯ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕೆಂದರೆ ಅದು ಪರೀಕ್ಷೆಯ ಸುಧಾರಣೆಯೇ ಆಗಿರುತ್ತದೆ ಎಂಬುದು ಆ ಆಯೋಗದ ಅಭಿಪ್ರಾಯವಾಗಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಂಠಪಾಠವನ್ನು ಅಳೆಯುವ ಪರೀಕ್ಷೆಯಿಂದ ಕಲಿಕೆಗೆ ನೆರವಾಗುವ ನಿರಂತರ ಮೌಲ್ಯಮಾಪನದ ಕಡೆಗೆ ಹೋಗಬೇಕು ಎನ್ನುತ್ತದೆ. ಎಪ್ಪತ್ತು ವರ್ಷಗಳ ಅಂತರದಲ್ಲಿ ಬಹುತೇಕ ಅದೇ ಮಾತು.

ನಮ್ಮ ಪಿಯುಸಿಯಲ್ಲೂ ಬದಲಾವಣೆ ಬಂದಿದೆ. 2023-24ರಿಂದ ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ; ಅವುಗಳಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನು ಉಳಿಸಿಕೊಳ್ಳಬಹುದು. ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ ಎಂದಾಗಿದೆ. ಇದು ಒಳ್ಳೆಯ ಹೆಜ್ಜೆ. ಆದರೆ ಎರಡನೆಯ ಅವಕಾಶದಿಂದ ಪೂರ್ತಿ ಪ್ರಯೋಜನ ಸಿಗುವುದು ಮೊದಲ ಸಲ ಎಲ್ಲಿ ತಪ್ಪಿದೆ ಎಂದು ಗೊತ್ತಾದಾಗ ಮಾತ್ರ. ಅದು ಗೊತ್ತಾಗದಿದ್ದರೆ ಅದೇ ತಪ್ಪನ್ನು ಮತ್ತೆ ಮಾಡಲು ಮತ್ತೊಂದು ಅವಕಾಶ ಸಿಕ್ಕ ಹಾಗೆ. ಆಂತರಿಕ 20 ಅಂಕವೂ ಹಾಗೆಯೇ. ಎಲ್ಲರಿಗೂ ಹತ್ತೊಂಬತ್ತು ಕೊಟ್ಟುಬಿಟ್ಟರೆ ಅಂಕಪಟ್ಟಿ ಚೆನ್ನಾಗಿ ಕಾಣುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ.

ಮತ್ತೆ ಓದುವುದೋ, ನೆನಪಿಸಿಕೊಳ್ಳುವುದೋ?

ಪರೀಕ್ಷೆಯೇ ಕಲಿಕೆಯ ಸಾಧನ ಎಂಬುದಕ್ಕೆ ಪುರಾವೆ ಏನು? ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ಒಂದು ಗದ್ಯಭಾಗವನ್ನು ನಾಲ್ಕು ಅವಧಿ ಓದಲು ಕೊಟ್ಟರು. ಇನ್ನೊಂದು ಗುಂಪಿಗೆ ಒಂದೇ ಅವಧಿ ಓದು. ಉಳಿದ ಮೂರು ಅವಧಿಗಳಲ್ಲಿ ಅವರು ಪುಸ್ತಕ ನೋಡದೆ ನೆನಪಿದ್ದಷ್ಟನ್ನು ಬರೆಯಬೇಕು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ನಾಲ್ಕು ಸಲ ಓದಿದವರು ಶೇ. 83ರಷ್ಟು ನೆನಪಿಟ್ಟಿದ್ದರು, ನೆನಪಿನಿಂದ ಬರೆದವರು ಶೇ. 71. ಒಂದು ವಾರದ ನಂತರ ಫಲಿತಾಂಶ ತಿರುಗಿತು. ನಾಲ್ಕು ಸಲ ಓದಿದವರು ಶೇ. 40ಕ್ಕೆ ಇಳಿದರು, ನೆನಪಿನಿಂದ ಬರೆದವರಲ್ಲಿ ಶೇ. 61 ಉಳಿದಿತ್ತು. ಇನ್ನೂ ಗಮನಿಸಬೇಕಾದ ವಿಷಯವೆಂದರೆ, ನಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ವಿಶ್ವಾಸ ಹೆಚ್ಚಿದ್ದದ್ದು ಬರೀ ಓದಿದವರಿಗೇ.

ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಹಿಡಿದು ನಾಲ್ಕು ಸಲ ಓದುವ ನಮ್ಮ ಅಭ್ಯಾಸ ಮರುದಿನಕ್ಕೆ ಕೆಲಸ ಮಾಡುತ್ತದೆ, ಮಾರ್ಚ್‌ವರೆಗೆ ಬರುವುದಿಲ್ಲ ಎಂಬುದು ಇದರಿಂದ ಅರ್ಥವಾಗುತ್ತದೆ.

ಈ ವಿಧಾನ ನಮಗೆ ಅಪರಿಚಿತವೂ ಅಲ್ಲ. ನಮ್ಮಲ್ಲಿ ಹಲವರ ಮನೆಯಲ್ಲಿ ಹಿಫ್ಜ್ ಮಾಡುವ ತಮ್ಮನೋ, ಚಿಕ್ಕಪ್ಪನ ಮಗನೋ ಇರುತ್ತಾನೆ. ಅವನ ದಿನಚರಿ ನೋಡಿ. ಹೊಸ ಪಾಠ ಸಬಕ್. ಕಳೆದ ಕೆಲವು ದಿನಗಳ ಪಾಠ ಸಬಕ್ ಪಾರಾ. ಬಹಳ ಹಿಂದೆ ಕಲಿತದ್ದರಲ್ಲಿ ದಿನಕ್ಕೊಂದು ಭಾಗ ಆಮೂಖ್ತಾ. ಕೆಲವು ಮದರಸಾಗಳಲ್ಲಿ ಇದನ್ನು ಮಂಜಿಲ್ ಅಥವಾ ದೌರ್ ಎನ್ನುತ್ತಾರೆ. ಮೂರನ್ನೂ ಉಸ್ತಾದರ ಎದುರು ಕುಳಿತು ನೋಡದೆ ಹೇಳಬೇಕು. ತಪ್ಪಿದ ಜಾಗದಲ್ಲಿ ಉಸ್ತಾದರು ಅಲ್ಲೇ ತಡೆದು ತಿದ್ದುತ್ತಾರೆ. ಯಾರೂ ಇಪ್ಪತ್ತೈದಕ್ಕೆ ಎಷ್ಟು ಎಂದು ಬರೆಯುವುದಿಲ್ಲ. ಹೊಸದು, ಇತ್ತೀಚಿನದು, ಹಳೆಯದು ಎಂಬ ಮೂರೂ ಪ್ರತಿದಿನ ನೆನಪಿಗೆ ಬರಬೇಕು. ಇಂದಿನ ಸಂಶೋಧಕರು ಅಂತರ ಬಿಟ್ಟು ನೆನಪಿಸಿಕೊಳ್ಳುವ ಅಭ್ಯಾಸ ಎಂದು ಹೇಳುವುದು ಇದನ್ನೇ. ಅಕೌಂಟೆನ್ಸಿಯನ್ನು ಬಾಯಿಪಾಠ ಮಾಡಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಅರ್ಥ ಮಾಡಿಕೊಂಡು ಲೆಕ್ಕ ಬಿಡಿಸಬೇಕು. ಆ ದಿನಚರಿಯ ಕ್ರಮವನ್ನು ಮಾತ್ರ ತೆಗೆದುಕೊಳ್ಳಬಹುದು: ತರಗತಿಯ ಮೊದಲ ಐದು ನಿಮಿಷ, ಮೂರು ಪ್ರಶ್ನೆ. ಒಂದು ನಿನ್ನೆಯ ಪಾಠದ್ದು, ಒಂದು ಕಳೆದ ವಾರದ್ದು, ಒಂದು ಎರಡು ತಿಂಗಳ ಹಿಂದಿನದು. ಪುಸ್ತಕ ಮುಚ್ಚಿರಬೇಕು. ಅಂಕ ಇರಬಾರದು.

ಅಂಕದ ಪಕ್ಕದಲ್ಲಿ ಬರೆದ ಮಾತು

ಉತ್ತರಪತ್ರಿಕೆಯಲ್ಲಿ ಅಂಕದ ಜೊತೆ ಎರಡು ಸಾಲು ಸಲಹೆಯನ್ನೂ ಬರೆದುಕೊಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಪ್ರಸಿದ್ಧವಾದದ್ದು. ಶಾಲಾ ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಬರೀ ಅಂಕ, ಇನ್ನೊಂದಕ್ಕೆ ಬರೀ ಸಲಹೆ, ಮೂರನೆಯದಕ್ಕೆ ಎರಡನ್ನೂ ಕೊಟ್ಟರು. ಬರೀ ಸಲಹೆ ಪಡೆದ ಮಕ್ಕಳ ಮುಂದಿನ ಕೆಲಸ ಸುಧಾರಿಸಿತು. ಎರಡನ್ನೂ ಪಡೆದವರ ಕೆಲಸ ಸುಧಾರಿಸಲಿಲ್ಲ. ಅಂಕ ಕಣ್ಣಿಗೆ ಬಿದ್ದ ಕೂಡಲೇ ಸಲಹೆಯ ಕೆಲಸ ನಿಂತುಹೋದಂತೆ.

ಇದನ್ನು ನಮ್ಮ ತರಗತಿಯಲ್ಲೂ ನೋಡಬಹುದು. ಪೇಪರ್ ಕೈಗೆ ಬಂದ ತಕ್ಷಣ ಎಲ್ಲರೂ ಮೂಲೆಯ ಅಂಕ ನೋಡುತ್ತೇವೆ, ಆಮೇಲೆ ಪಕ್ಕದವರ ಅಂಕ. ಒಳಗಿನ ಪುಟ ತಿರುಗಿಸುವುದು ಕೂಡಿಸಿದ್ದರಲ್ಲಿ ಅರ್ಧ ಅಂಕ ಬಿಟ್ಟುಹೋಗಿದೆಯೇ ಎಂದು ನೋಡಲು. ಹೆಚ್ಚು ಬಂದವನಿಗೆ ಓದುವ ಅಗತ್ಯ ಕಾಣುವುದಿಲ್ಲ, ಕಡಿಮೆ ಬಂದವನಿಗೆ ಓದುವ ಮನಸ್ಸಾಗುವುದಿಲ್ಲ.

ಅಂಕ ಬೇಡ ಎಂದು ಹೇಳಲಾಗದು. ವಿದ್ಯಾರ್ಥಿವೇತನಕ್ಕೆ, ಬಿ.ಕಾಂ. ಪ್ರವೇಶಕ್ಕೆ ಅಂಕ ಬೇಕು. ಮನೆಯವರೂ ಕೇಳುವುದು ಅಂಕವನ್ನೇ. ಕಿರುಪರೀಕ್ಷೆಯಲ್ಲಿ ಅಂಕವನ್ನು ಒಂದು ದಿನ ತಡವಾಗಿ ಕೊಟ್ಟರೆ ಸಾಕು. ಮೊದಲ ದಿನ ಪತ್ರಿಕೆ ಗುರುತುಗಳೊಂದಿಗೆ ಬರಲಿ, ನಾವು ತಪ್ಪು ಹುಡುಕಿ ಸರಿಪಡಿಸೋಣ. ಮರುದಿನ ಅಂಕ ತಿಳಿಯಲಿ.

ಗೊತ್ತಿದ್ದೂ ಬರೆಯಲಾಗದವರು

ನನ್ನ ಮನೆಮಾತು ಉರ್ದು. ಬೀದಿಯ ಮತ್ತು ಪೇಟೆಯ ಮಾತು ಕನ್ನಡ. ಪಠ್ಯಪುಸ್ತಕ ಇಂಗ್ಲಿಷ್. ನಮ್ಮ ತರಗತಿಯಲ್ಲಿ ನನ್ನಂಥವರು ಅನೇಕರಿದ್ದಾರೆ. ಹತ್ತನೆಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಬಂದವರಿದ್ದಾರೆ, ಕನ್ನಡ ಮಾಧ್ಯಮದವರಿದ್ದಾರೆ. ಅಂಕದ ಮೊತ್ತ ಮುಚ್ಚಿಡುವ ತಪ್ಪುಗಳಲ್ಲಿ ನನಗೆ ಹೆಚ್ಚು ಚಿಂತೆ ತರುವುದು ಭಾಷೆಯ ತಪ್ಪು.

ಒಂದು ಉದಾಹರಣೆ. ಬಿಸಿನೆಸ್ ಸ್ಟಡೀಸ್‌ನಲ್ಲಿ ಡೆಲಿಗೇಷನ್ ಮತ್ತು ಡಿಸೆಂಟ್ರಲೈಸೇಷನ್ ನಡುವಿನ ವ್ಯತ್ಯಾಸ ಕೇಳುವ ಪ್ರಶ್ನೆಗೆ ಉರ್ದು ಮಾಧ್ಯಮದಿಂದ ಬಂದ ಸಹಪಾಠಿಯೊಬ್ಬ ಮೂರು ಮುರುಕಲು ಸಾಲು ಬರೆದಿದ್ದ. ಐದಕ್ಕೆ ಒಂದು ಅಂಕ ಬಂದಿತ್ತು. ಈ ವಿಷಯವೇ ನನಗೆ ಹತ್ತುವುದಿಲ್ಲ, ಕಾಮರ್ಸ್ ಬಿಟ್ಟುಬಿಡುತ್ತೇನೆ ಎನ್ನುತ್ತಿದ್ದ. ಉಪನ್ಯಾಸಕರು ಅವನನ್ನು ಕರೆದು, ನಿನಗೆ ಬರುವ ಭಾಷೆಯಲ್ಲಿ ಹೇಳು ಎಂದರು. ಅವನು ಹೇಳಿದ್ದು ಹೀಗೆ: ಅಂಗಡಿ ಮಾಲೀಕ ಗಲ್ಲಾಪೆಟ್ಟಿಗೆಯ ಕೀಲಿಯನ್ನು ಹುಡುಗನಿಗೆ ಕೊಟ್ಟು ಊಟಕ್ಕೆ ಹೋದರೆ ಅದು ಡೆಲಿಗೇಷನ್; ದುಡ್ಡು ಕಡಿಮೆಯಾದರೆ ಜವಾಬು ಹೇಳಬೇಕಾದವನು ಮಾಲೀಕನೇ. ನಾಲ್ಕು ಊರುಗಳಲ್ಲಿ ಅಂಗಡಿ ತೆರೆದು, ಯಾವ ಸರಕು ತರಿಸಬೇಕು, ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಎಂದು ಆಯಾ ಅಂಗಡಿಯವರೇ ತೀರ್ಮಾನಿಸಲಿ ಎಂದು ಬಿಟ್ಟರೆ ಅದು ಡಿಸೆಂಟ್ರಲೈಸೇಷನ್. ಉತ್ತರ ಸರಿಯಾಗಿಯೇ ಇತ್ತು. ಅವನಿಗೆ ಬೇಕಿದ್ದದ್ದು ಅದನ್ನು ಹೇಳುವ ಎರಡು ಇಂಗ್ಲಿಷ್ ವಾಕ್ಯ. ಉಪನ್ಯಾಸಕರು ಅವನ್ನು ಬೋರ್ಡಿನ ಮೇಲೆ ಬರೆದರು, ನಾವೆಲ್ಲರೂ ಬರೆದುಕೊಂಡೆವು.

ಐದಕ್ಕೆ ಒಂದು ಎಂಬ ಅಂಕ ಅವನಿಗೆ ಕಾಮರ್ಸ್ ಬಾರದು ಎಂದು ಹೇಳಿತ್ತು. ಅದು ನಿಜವಾಗಿರಲಿಲ್ಲ. ಹೀಗೆ ತಪ್ಪು ತಿಳಿದು ಓದು ಬಿಡುವವರು ಇರಬಹುದು ಎಂಬುದೇ ಈ ಲೇಖನ ಬರೆಯಲು ನನಗಿರುವ ಮುಖ್ಯ ಕಾರಣ.

ಇನ್ನೊಂದು ಮಾತು. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ: ಈ ಪದಗಳು ಅರಬ್ಬಿ, ಪಾರ್ಸಿಯಿಂದ ಬಂದು ಉರ್ದುವಿನಲ್ಲೂ ಕನ್ನಡದಲ್ಲೂ ಬಳಕೆಯಲ್ಲಿವೆ. ನಮ್ಮ ಅಜ್ಜಂದಿರ ಅಂಗಡಿಯ ಲೆಕ್ಕದ ಪುಸ್ತಕದಲ್ಲಿದ್ದ ಪದಗಳೇ. ಇವುಗಳಿಂದ ಆರಂಭಿಸಿ ಇಂಗ್ಲಿಷ್ ಪದಕ್ಕೆ ಹೋದರೆ, ಉರ್ದು ಮನೆಯವರಿಗೂ ಕನ್ನಡ ಮನೆಯವರಿಗೂ ದಾರಿ ಹತ್ತಿರವಾಗುತ್ತದೆ. ಪರೀಕ್ಷೆಯನ್ನು ಇಂಗ್ಲಿಷ್‌ನಲ್ಲೇ ಬರೆಯಬೇಕಾದರೂ ಅರ್ಥವಾಗುವುದು ಯಾವ ಭಾಷೆಯಲ್ಲಾದರೂ ಆಗಬಹುದು.

ಪ್ರಶ್ನೆ ಕೇಳಿ ಕಾಯುವುದು

ತರಗತಿಯಲ್ಲಿ ಬಾಯಿಮಾತಿನಲ್ಲಿ ಕೇಳುವ ಪ್ರಶ್ನೆಯೂ ಒಂದು ಪರೀಕ್ಷೆಯೇ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಶಾಲಾ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು 1970ರ ದಶಕದಲ್ಲಿ ತೋರಿಸಿದರು. ಆ ಕಾಯುವಿಕೆಯನ್ನು ಮೂರು ಸೆಕೆಂಡ್ ಅಥವಾ ಹೆಚ್ಚು ಮಾಡಿದಾಗ ಉತ್ತರಗಳು ಉದ್ದವಾದವು, ಉತ್ತರ ಕೊಡದೆ ಸುಮ್ಮನಿರುವುದು ಕಡಿಮೆಯಾಯಿತು. ಮನಸ್ಸಿನಲ್ಲೇ ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗಿಸಿ ಉತ್ತರ ಹೇಳುವ ನಮ್ಮಂಥವರಿಗೆ ಈ ಎರಡು ಸೆಕೆಂಡ್ ಬಹಳ ದೊಡ್ಡದು.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರ ಅನುಭವವೂ ತಿಳಿಯಬೇಕಾದದ್ದು. ಅವರ ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನು ಸೂತ್ರ ಹಾಕಿ ಬಿಡಿಸುತ್ತಿದ್ದರು. ಬಲ, ಚಲನೆಯ ಬಗ್ಗೆ ಸರಳ ಪ್ರಶ್ನೆ ಕೇಳಿದರೆ ತಪ್ಪುತ್ತಿದ್ದರು. 1990ರ ದಶಕದ ಆರಂಭದಲ್ಲಿ ಅವರು ಪಾಠದ ಕ್ರಮ ಬದಲಿಸಿದರು. ಸ್ವಲ್ಪ ಪಾಠ, ನಂತರ ಬಹು ಆಯ್ಕೆಯ ಒಂದು ಪ್ರಶ್ನೆ. ಮೊದಲು ಪ್ರತಿಯೊಬ್ಬರೂ ತಾವೇ ಉತ್ತರ ಆರಿಸಬೇಕು. ಆಮೇಲೆ ಪಕ್ಕದವರ ಜೊತೆ ಚರ್ಚಿಸಿ ತಮ್ಮ ಕಾರಣ ಹೇಳಬೇಕು. ಮತ್ತೆ ಉತ್ತರ ಆರಿಸಬೇಕು. ಎಲ್ಲಿ ಗೊಂದಲ ಇದೆ ಎಂಬುದು ಶಿಕ್ಷಕರಿಗೆ ಅದೇ ಗಂಟೆಯಲ್ಲಿ ಗೊತ್ತಾಗುತ್ತದೆ. ಮದರಸಾದಲ್ಲಿ ಪಾಠದ ನಂತರ ವಿದ್ಯಾರ್ಥಿಗಳು ಸೇರಿ ಅದೇ ಪಾಠವನ್ನು ಒಬ್ಬರಿಗೊಬ್ಬರು ಹೇಳಿಕೊಡುವ ತಕ್ರಾರ್ ಎಂಬ ಪದ್ಧತಿ ಇದೆ. ಕನ್ನಡದಲ್ಲಿ ತಕರಾರು ಎಂದರೆ ಜಗಳ. ಅಲ್ಲಿ ಅದಕ್ಕೆ ಪುನರಾವರ್ತನೆ ಎಂಬ ಅರ್ಥ. ಸ್ವಲ್ಪ ಜಗಳವಿದ್ದರೂ ಕಲಿಕೆಗೆ ಒಳ್ಳೆಯದೇ.

ಎಪ್ಪತ್ತು ಪತ್ರಿಕೆಗಳ ಲೆಕ್ಕ

ಇಷ್ಟೆಲ್ಲ ಹೇಳುವಾಗ ಉಪನ್ಯಾಸಕರ ಸಮಯದ ಲೆಕ್ಕವನ್ನೂ ಹಾಕಬೇಕು. ಒಂದು ಸೆಕ್ಷನ್‌ನಲ್ಲಿ 70 ಮಂದಿ ಎಂದುಕೊಳ್ಳೋಣ. ಪ್ರತಿ ಪತ್ರಿಕೆಗೆ ಐದು ನಿಮಿಷ ಸಲಹೆ ಬರೆದರೆ 350 ನಿಮಿಷ, ಅಂದರೆ ಸುಮಾರು ಆರು ಗಂಟೆ. ಎರಡು ಸೆಕ್ಷನ್ ಆದರೆ ಹನ್ನೆರಡು ಗಂಟೆ. ಇದು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ಕೆಲಸವನ್ನು ಹಂಚಿಕೊಳ್ಳಬೇಕು. ಉಪನ್ಯಾಸಕರು ಅಂಕ ಕಳೆದ ಜಾಗದಲ್ಲಿ ಒಂದು ಅಕ್ಷರ ಮಾತ್ರ ಬರೆಯಲಿ. ವಿವರಣೆಯನ್ನು ವಿದ್ಯಾರ್ಥಿ ಬರೆಯಲಿ. ನಾಲ್ಕು ಅಕ್ಷರ ಸಾಕು.

ನಿ: ನಿಯಮದ ತಪ್ಪು. ಹೊಸ ಯಂತ್ರ ತರಿಸಿದ ಸಾಗಾಣಿಕೆ ವೆಚ್ಚವನ್ನು ಯಂತ್ರದ ಬೆಲೆಗೆ ಸೇರಿಸದೆ ಸಾಗಾಣಿಕೆ ಖಾತೆಗೆ ಬರೆದಿದ್ದರೆ ಇದು. ಪಾಠವನ್ನೇ ಮತ್ತೆ ನೋಡಬೇಕು.

ಲೆ: ಲೆಕ್ಕದ ತಪ್ಪು. ವಿಧಾನ ಸರಿ, ಕೂಡುವುದರಲ್ಲಿ ಕಳೆಯುವುದರಲ್ಲಿ ಎಡವಟ್ಟು. ಕೈಬರಹ, ಅವಸರ ಇದಕ್ಕೆ ಕಾರಣವಿರಬಹುದು.

ಪ್ರ: ಪ್ರಶ್ನೆ ಓದಿದ್ದರ ತಪ್ಪು. 50,000 ರೂಪಾಯಿಯ ಯಂತ್ರಕ್ಕೆ ಶೇ. 10ರಂತೆ ನೇರ ರೇಖಾ ವಿಧಾನದಲ್ಲಿ ಸವಕಳಿ ಹಾಕಿ ಎಂದರೆ ಪ್ರತಿ ವರ್ಷವೂ 5,000. ಇಳಿಕೆ ಶಿಲ್ಕಿನ ವಿಧಾನ ಹಾಕಿದವನಿಗೆ ಮೊದಲ ವರ್ಷ 5,000 ಬರುತ್ತದೆ, ಎರಡನೆಯ ವರ್ಷ 4,500. ಅವನಿಗೆ ಸವಕಳಿ ಲೆಕ್ಕ ಬರುತ್ತದೆ. ಪ್ರಶ್ನೆಯಲ್ಲಿ ಕೇಳಿದ ವಿಧಾನವನ್ನು ನೋಡಿಲ್ಲ ಅಷ್ಟೆ.

ಭಾ: ಭಾಷೆಯ ತಪ್ಪು. ವಿಷಯ ಗೊತ್ತಿರುವ ಸುಳಿವಿದೆ, ವಾಕ್ಯ ಆಗಿಲ್ಲ.

ಅಕ್ಷರ ಬರೆಯಲು ಒಂದು ಪತ್ರಿಕೆಗೆ ಅರ್ಧ ನಿಮಿಷ ಹೆಚ್ಚು ಹಿಡಿದರೂ 70ಕ್ಕೆ 35 ನಿಮಿಷ. ವಿದ್ಯಾರ್ಥಿಗಳು ತರಗತಿಯಲ್ಲಿ ಹತ್ತು ನಿಮಿಷ ತೆಗೆದುಕೊಂಡು ಪ್ರತಿ ಅಕ್ಷರದ ಎದುರು ಸರಿಯಾದ ಉತ್ತರ ಬರೆಯಬೇಕು. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ತಪ್ಪುಗಳ ಖಾತೆ ಎಂದು ಒಂದು ತೆರೆದರೆ, ಮೂರು ಕಿರುಪರೀಕ್ಷೆಗಳ ನಂತರ ಯಾವ ಅಕ್ಷರ ಹೆಚ್ಚು ಬಂದಿದೆ ಎಂದು ಎಣಿಸಬಹುದು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ತಪ್ಪು ಸಿಕ್ಕಂತೆಲ್ಲ ಅದನ್ನು ಕಡಿಮೆ ಮಾಡುತ್ತ ಬಂದು ಕೊನೆಗೆ ಮುಚ್ಚುತ್ತೇವಲ್ಲ, ಇದೂ ಹಾಗೆಯೇ.

ಯಾವುದರಿಂದ ಆರಂಭಿಸಬಹುದು?

ಎಲ್ಲ ವಿಷಯಗಳಲ್ಲಿ ಒಮ್ಮೆಲೇ ಬದಲಾವಣೆ ಮಾಡಿ ಎಂದು ಕೇಳುವುದು ಸರಿಯಲ್ಲ. ಒಂದು ವಿಷಯ, ಒಂದು ಸೆಕ್ಷನ್, ಮುಂದಿನ ಎರಡು ಕಿರುಪರೀಕ್ಷೆ. ಇಷ್ಟರಲ್ಲಿ ನೋಡಬಹುದು. ಉಪನ್ಯಾಸಕರಲ್ಲಿ ನನ್ನ ವಿನಂತಿ ಮೂರು: ತರಗತಿಯ ಆರಂಭದಲ್ಲಿ ಅಂಕವಿಲ್ಲದ ಮೂರು ಪ್ರಶ್ನೆ, ಪತ್ರಿಕೆಯಲ್ಲಿ ನಾಲ್ಕು ಅಕ್ಷರದ ಗುರುತು, ಅಂಕ ಒಂದು ದಿನ ತಡ.

ಸಹಪಾಠಿಗಳಿಗೂ ಒಂದು ಮಾತು. ಅಂಕ ಇಲ್ಲದಿದ್ದರೆ ನಾವು ಬರೆಯುವುದೇ ಇಲ್ಲ ಎಂದು ಉಪನ್ಯಾಸಕರು ಹೇಳಿದರೆ ಅದರಲ್ಲಿ ಸತ್ಯವಿದೆ. ಐದು ನಿಮಿಷದ ಪ್ರಶ್ನೆಗೆ ಪಕ್ಕದವನ ಉತ್ತರ ನೋಡಿ ಬರೆದರೆ ಯಾರಿಗೂ ಲಾಭವಿಲ್ಲ. ತಪ್ಪು ಅಡಗಿ ಕೂರುತ್ತದೆ, ಮಾರ್ಚ್‌ನಲ್ಲಿ ಹೊರಬರುತ್ತದೆ. ಕಾಲೇಜಿನಲ್ಲಿ ಏನೂ ಬದಲಾಗದಿದ್ದರೂ ಈ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು. ಸಂಜೆ ಪುಸ್ತಕ ಮುಚ್ಚಿಟ್ಟು ಇವತ್ತಿನ ಪಾಠದ ಐದು ಅಂಶ ಬರೆಯುವುದು, ನಂತರ ಪುಸ್ತಕ ತೆರೆದು ತಾಳೆ ನೋಡುವುದು. ಹಳೆಯ ಕಿರುಪರೀಕ್ಷೆಯ ಪತ್ರಿಕೆಗಳನ್ನು ಎಸೆಯದೆ ಇಟ್ಟು ಕಳೆದ ಅಂಕಗಳ ಪಕ್ಕ ನಾವೇ ಅಕ್ಷರ ಹಾಕುವುದು. ಮಂಡಳಿಯ ಪರೀಕ್ಷೆಯ ನಂತರ ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯುವ ಅವಕಾಶವಿದೆ. ಪರೀಕ್ಷೆ-2 ಬರೆಯುವವರಿಗೆ ಅದು ಒಳ್ಳೆಯ ಪಾಠಪುಸ್ತಕ. ಯಾವ ಅಕ್ಷರದ ತಪ್ಪು ಎಂದು ಗೊತ್ತಾಗದಿದ್ದರೆ, ಆ ಪತ್ರಿಕೆಯನ್ನೇ ಹಿಡಿದು ಸ್ಟಾಫ್ ರೂಮಿಗೆ ಹೋಗಿ. ಅಂಕ ಹೆಚ್ಚಿಸಿ ಎಂದು ಕೇಳಲು ಬಂದವರಿಗಿಂತ, ಇಲ್ಲಿ ಯಾಕೆ ತಪ್ಪಾಯಿತು ಎಂದು ಕೇಳಲು ಬಂದವರಿಗೆ ಅಲ್ಲಿ ಹೆಚ್ಚು ಸಮಯ ಸಿಗುತ್ತದೆ.